ಗೂನುಮೂಗಿನ ಚಾವಣಿ

1898ರಲ್ಲಿ ಬರ್ಲಿನ್ನಿನ ವೈದ್ಯ ಜಾಕ್ ಯೋಸೆಫ್ ಬಳಿ 28ರ ಪ್ರಾಯದ ಒಬ್ಬಾತ ಬಂದ. ಕಾಯಿಲೆ ಕಸಾಲೆ ಏನೂ ಇಲ್ಲ. ಮೂಗು ಭಾರೀ ದೊಡ್ಡದು, ಹೋದಲ್ಲೆಲ್ಲ ಜನ ದಿಟ್ಟಿಸುತ್ತಾರೆ, ನಾಲ್ಕು ಜನರ ನಡುವೆ ಓಡಾಡಲಾಗುತ್ತಿಲ್ಲ ಎಂಬುದಷ್ಟೇ ಗೋಳು. ಎರಡು ವರ್ಷದ ಹಿಂದೆ ಹುಡುಗನೊಬ್ಬನ ಅಗಲ ಕಿವಿ ಸರಿಪಡಿಸಿದ್ದಕ್ಕೇ ಯೋಸೆಫ್ ಕೆಲಸ ಕಳೆದುಕೊಂಡಿದ್ದರು. ಆದರೂ ಒಪ್ಪಿದರು.

ಬರ್ಲಿನ್ನಿಗೆ ಮೂಗಿನ ಶಸ್ತ್ರಕ್ರಿಯೆ ಹೊಸದಾಗಿರಲಿಲ್ಲ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ, ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿಯಾಳು ಕಾವಸ್‌ಜಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ಸುದ್ದಿ 1794ರಲ್ಲೇ ಲಂಡನ್ನಿನ ಪತ್ರಿಕೆಯಲ್ಲಿ ಬಂದಿತ್ತು. 1818ರಲ್ಲಿ ಬರ್ಲಿನ್ನಿನಲ್ಲೇ ಗ್ರೇಫೆ ಇಂಥ ಕಟ್ಟುವಿಕೆಯ ಬಗ್ಗೆ ಪುಸ್ತಕ ಬರೆದರು. ಆದರೆ ಅದೆಲ್ಲ ಇಲ್ಲದ ಮೂಗನ್ನು ಕೊಡುವ ವಿದ್ಯೆ. ಯೋಸೆಫ್ ಮಾಡಬೇಕಿದ್ದದ್ದು ಇದ್ದ ಮೂಗನ್ನು ಇಳಿಸುವ ಕೆಲಸ.

ಅವರು ಚರ್ಮವನ್ನು ಹೊರಗಿನಿಂದಲೇ ಕೊಯ್ದು ಹೆಚ್ಚಿನದನ್ನು ತೆಗೆದರು. ಮೂಗು ಚಿಕ್ಕದಾಯಿತು, ಗಾಯದ ಗುರುತು ಉಳಿಯಿತು. ಅಮೆರಿಕದ ರಾಚೆಸ್ಟರಿನ ಜಾನ್ ರೋ 1891ಕ್ಕೇ ಮೂಗಿನ ಹೊಳ್ಳೆಯೊಳಗಿಂದ ಗೂನು ತೆಗೆದಿದ್ದರು. ಮುಂದೆ ಯೋಸೆಫರೂ ಒಳದಾರಿಗೇ ಬಂದರು. ಅವರ ಪುಸ್ತಕ, ಶಿಷ್ಯರ ಮೂಲಕ ಆ ಕ್ರಮ ಜಗತ್ತಿನ ರೂಢಿಯಾಯಿತು.

ಮೂಗನ್ನು ಹೆಂಚಿನ ಮನೆಯೆಂದುಕೊಳ್ಳಿ. ಚಾವಣಿಯ ಮೇಲುಭಾಗ ಎಲುಬು, ಕೆಳಭಾಗ ಮೃದ್ವಸ್ಥಿ, ನಡುವೆ ಆಧಾರಕ್ಕೊಂದು ಗೋಡೆ. ಗೂನನ್ನು ಗರಗಸದಿಂದ ಕೊಯ್ದು ಅರದಿಂದ ಉಜ್ಜಿದರೆ ಚಾವಣಿಯೇ ಬಾಯಿ ಬಿಡುತ್ತದೆ. ಅದನ್ನು ಮುಚ್ಚಲು ಎರಡೂ ಪಕ್ಕದ ಎಲುಬನ್ನು ಬುಡದಲ್ಲಿ ಮುರಿದು ಒಳಕ್ಕೆ ತಳ್ಳಬೇಕು. ಕೆಲವರಲ್ಲಿ ವರ್ಷಗಳ ಮೇಲೆ ಮೃದ್ವಸ್ಥಿ ಕುಸಿದು, ಮೂಗಿನ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವಿ' ಆಕಾರದ ನೆರಳು ಮೂಡುತ್ತದೆ. ಉಸಿರಿನ ದಾರಿಯೂ ಕಿರಿದಾಗುತ್ತದೆ. 1984ರಲ್ಲಿ ವೈದ್ಯ ಜಾಕ್ ಶೀನ್ ನಡುಗೋಡೆಯ ಇಬ್ಬದಿಗೆ ಮೃದ್ವಸ್ಥಿಯ ಪಟ್ಟಿ ಕೂರಿಸಿ ಇದಕ್ಕೆ ಪರಿಹಾರ ಸೂಚಿಸಿದರು. ಕಿತ್ತ ಮೇಲೆ ತೇಪೆ ಹಚ್ಚುವ ಕೆಲಸವೇ ಅದು, ಜಾಣ ತೇಪೆ.

ಚಾವಣಿಯನ್ನು ಯಾಕೆ ಕೀಳಬೇಕು ಎಂದು ಬಾಸ್ಟನ್ನಿನ ಗುಡೇಲ್ 1899ರಲ್ಲೇ ಬೇರೆ ದಾರಿ ತೋರಿಸಿದ್ದರು. ನಡುಗೋಡೆಯಿಂದ ಒಂದು ಪಟ್ಟಿ ತೆಗೆದು, ಪಕ್ಕದ ಎಲುಬು ಬಿಡಿಸಿದರೆ ಚಾವಣಿ ಇದ್ದ ಹಾಗೇ ಕೆಳಗಿಳಿಯುತ್ತದೆ. 1954ರಲ್ಲಿ ಷಿಕಾಗೋದ ಮಾರಿಸ್ ಕಾಟಲ್ ಇದನ್ನೇ ಬೆಳೆಸಿದರು. ಚಾವಣಿ ಇಳಿಯುವಾಗ ಪಕ್ಕದ ಎಲುಬು ಒಳಕ್ಕೆ ಜಾರುವುದು ಒಂದು ಬಗೆ. ಬುಡದಲ್ಲಿ ಎಲುಬಿನ ಚೂರು ತೆಗೆದು, ಉಳಿದದ್ದನ್ನು ಅದರ ಜಾಗದಲ್ಲಿ ಕೂರಿಸುವುದು ಇನ್ನೊಂದು. ಗೂನು ದೊಡ್ಡದಿದ್ದರೆ ಎರಡನೆಯದೇ ಮೇಲು, ಉಸಿರಿನ ದಾರಿಗೆ ಎಲುಬು ಅಡ್ಡ ಬರುವುದಿಲ್ಲ.

ಆದರೂ ಬಹುಪಾಲು ವೈದ್ಯರು ಗರಗಸ, ಉಳಿಗಳನ್ನೇ ನಂಬಿದರು. 2018ರಲ್ಲಿ ವೈದ್ಯ ರಾಲಿನ್ ಡೇನಿಯಲ್ ಗುಡೇಲರ ಹಳೆಯ ವಿಧಾನಕ್ಕೆ 'ಉಳಿಸಿಕೊಳ್ಳುವ ಶಸ್ತ್ರಕ್ರಿಯೆ' ಎಂಬರ್ಥದ ಹೊಸ ಹೆಸರಿಟ್ಟರು, ಫ್ರಾನ್ಸಿನ ಈವ್ ಸಬಾನ್ ಅದನ್ನು ಮರುಪರಿಶೀಲಿಸಿ ಬರೆದರು. ಹೆಸರು ಬದಲಾದದ್ದೇ ತಡ, ಸಮ್ಮೇಳನಗಳಲ್ಲಿ ಅದರದ್ದೇ ಮಾತು. ಆದರೂ ಗುಡೇಲ್ ದಾರಿ ಎಲ್ಲ ಮೂಗಿಗೂ ಒಗ್ಗುವುದಿಲ್ಲ. ಇಳಿಸಿದ ಗೂನು ಕೆಲವೊಮ್ಮೆ ಮತ್ತೆ ತುಸು ತಲೆಯೆತ್ತುತ್ತದೆ. ಮೂಗಿನ ಏಣು ಎಗುಡುದಿಗುಡಾಗಿದ್ದರೆ, ಮೊದಲೇ ಒಮ್ಮೆ ಕೊಯ್ಸಿಕೊಂಡ ಮೂಗಾಗಿದ್ದರೆ, ಇಂದಿಗೂ ಹೆಚ್ಚಾಗಿ ಯೋಸೆಫರ ದಾರಿಯೇ ಗತಿ.