ಇಪ್ಪತ್ತೆಂಟು ರಸೀದಿ, ಒಂದು ಅಂಬಾಸಿಡರ್

ಹೋದ ತಿಂಗಳು ಊರಿಗೆ ಹೋಗಿದ್ದಾಗ ಚಿಕ್ಕಪ್ಪ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದರು. ಒಳಗೆ ಇಪ್ಪತ್ತೆಂಟು ರಸೀದಿ, ಮಾಸಿದ ಒಂದು ಅಗ್ರಿಮೆಂಟು. 1997ರಲ್ಲಿ ತಿಪಟೂರಿನ ಟ್ಯಾಕ್ಸಿ ಸ್ಟ್ಯಾಂಡಿನಿಂದ ಅವರ ಅಂಬಾಸಿಡರ್ ಕಾರನ್ನು ಫೈನಾನ್ಸಿನವರು ಸೀಜ್ ಮಾಡಿಕೊಂಡು ಹೋದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಯಾರೂ ಆ ಮಾತೆತ್ತುವುದಿಲ್ಲ. (ಆ ಫೈನಾನ್ಸಿನ ಹೆಸರು ಇಲ್ಲಿ ಬೇಡ ಬಿಡಿ.) ಮೂವತ್ತಾರು ಕಂತಿನ ಲೆಕ್ಕ. ಚಿಕ್ಕಮ್ಮನ ಆಪರೇಷನ್ನು, ಅದರ ಹಿಂದೆಯೇ ಎಂಜಿನ್ ಕೆಲಸ ಬಂದು ಮೂರು ಕಂತು ತಪ್ಪಿತ್ತು. ಮಾರನೆಯ ದಿನ ಮದುವೆ ಬಾಡಿಗೆ ಒಪ್ಪಿಕೊಂಡಿದ್ದರು. ಸಂಜೆ ಇಬ್ಬರು ಬಂದು ಡೂಪ್ಲಿಕೇಟ್ ಕೀ ಹಾಕಿ ಓಡಿಸಿಕೊಂಡೇ ಹೋದರು. ಚಿಕ್ಕಪ್ಪ ಆಗ ಎದುರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರಂತೆ.

ಆ ಅಗ್ರಿಮೆಂಟನ್ನು ನಾನು ಪೂರ್ತಿ ಓದಿದ್ದು ಇದೇ ಮೊದಲು. ಅದರಲ್ಲಿ ಚಿಕ್ಕಪ್ಪ ಸಾಲಗಾರ ಅಲ್ಲವೇ ಅಲ್ಲ, ಬಾಡಿಗೆದಾರ! ಕಾರಿನ ಮಾಲೀಕರು ಫೈನಾನ್ಸಿನವರು. ತಿಂಗಳು ತಿಂಗಳು ಕಟ್ಟಿದ್ದು ಬಾಡಿಗೆ. ಎಲ್ಲಾ ಕಟ್ಟಿ ಮುಗಿಸಿದ ಮೇಲಷ್ಟೇ ಕಾರು ಇವರದು. ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ ಮನುಷ್ಯನಿಗೆ ತಾನೇ ಬಾಡಿಗೆಯವನು ಅಂತ ಗೊತ್ತಾಗಿದ್ದು ಕಾರು ಹೋದ ಮೇಲೆ. ಈ ವಿಚಿತ್ರ ಭಾಷೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಪಿಯಾನೋ.

ಹೆಲ್ಬಿ ಅನ್ನುವ ವ್ಯಾಪಾರಿಯಿಂದ ಬ್ರೂಸ್ಟರ್ ಅನ್ನುವವನು ಆ ಪಿಯಾನೋ ತಂದಿದ್ದ. ತಿಂಗಳಿಗೆ ಹತ್ತೂವರೆ ಶಿಲ್ಲಿಂಗಿನಂತೆ 36 ಕಂತು (ಹೌದು, ಅಲ್ಲೂ ಮೂವತ್ತಾರೇ). ಕಂತು ಮುಗಿಯುವ ಮೊದಲೇ ಅದನ್ನು ಮ್ಯಾಥ್ಯೂಸ್ ಎಂಬವನ ಹತ್ತಿರ ಗಿರವಿ ಇಟ್ಟುಬಿಟ್ಟ. ಪಿಯಾನೋ ಯಾರದು? 1895ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ಬ್ರೂಸ್ಟರ್ ಬೇಡವೆಂದಾಗ ಪಿಯಾನೋ ವಾಪಸ್ ಕೊಡಬಹುದಿತ್ತು, ಕೊಳ್ಳಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಆದ್ದರಿಂದ ಅದು ಖರೀದಿಯಲ್ಲ, ಪಿಯಾನೋ ಹೆಲ್ಬಿಯದೇ. ವ್ಯಾಪಾರಿಗಳಿಗೆ ಇನ್ನೇನು ಬೇಕು? ಹೈರ್ ಪರ್ಚೇಸ್ ಅಂತ ಬರೆಸಿಕೊಂಡರೆ ಕೊನೆಯ ಕಂತಿನವರೆಗೂ ಮಾಲು ತಮ್ಮದು.

ಇದರ ದುರುಪಯೋಗವೂ ಆಯಿತು. ಕೊನೆಯ ಕೆಲವು ಕಂತು ಬಾಕಿ ಇರುವಾಗ ಒಂದು ತಪ್ಪಿದರೂ ಸಾಮಾನು ಎತ್ತಿಕೊಂಡು ಹೋಗಿ ಇನ್ನೊಬ್ಬರಿಗೆ ಮಾರುವುದು. ಅದಕ್ಕೆ ಅಲ್ಲಿ 'ಸ್ನ್ಯಾಚ್ ಬ್ಯಾಕ್' ಅಂತಲೇ ಹೆಸರು ಬಿದ್ದಿತ್ತು. ಲೇಬರ್ ಪಕ್ಷದ ಸಂಸದೆ ಎಲೆನ್ ವಿಲ್ಕಿನ್ಸನ್ ಹಟ ಹಿಡಿದು 1938ರಲ್ಲಿ ಕಾಯ್ದೆ ಮಾಡಿಸಿದರು. ನಿಗದಿತ ಬೆಲೆಯೊಳಗಿನ ಸರಕಿಗೆ ಮೂರನೇ ಒಂದು ಪಾಲು ಕಟ್ಟಿದ್ದರೆ ಸಾಕು, ಕೋರ್ಟಿಗೆ ಹೋಗದೆ ಕಿತ್ತುಕೊಳ್ಳುವಂತಿಲ್ಲ. ಕಿತ್ತುಕೊಂಡರೆ ಕಟ್ಟಿದ ಹಣವನ್ನೆಲ್ಲಾ ವಾಪಸ್ ಕೊಡಬೇಕು.

ನಮ್ಮಲ್ಲಿ ಈ ಪದ್ಧತಿ ಬೆಳೆದಿದ್ದು ಲಾರಿಗಳ ಜೊತೆ. ಮದರಾಸಿನಲ್ಲಿ 1954ರಲ್ಲಿ ಶುರುವಾದ ಸುಂದರಂ ಫೈನಾನ್ಸ್‌ನಂಥ ಕಂಪನಿಗಳು ಬ್ಯಾಂಕಿನ ಬಾಗಿಲು ಸುಲಭಕ್ಕೆ ತೆರೆಯದ ಕಾಲದಲ್ಲಿ ಲಾರಿಗೆ ದುಡ್ಡು ಕೊಟ್ಟವು. ಹಾಗೆ ಲಾರಿ ಕೊಂಡು ಮೇಲೆ ಬಂದವರು ಬಹಳ ಜನ, ಅದನ್ನೂ ಹೇಳಬೇಕು. ಮನೆ ಓಡಿಹೋಗುವುದಿಲ್ಲ, ಲಾರಿ ರಾತ್ರೋರಾತ್ರಿ ಬೇರೆ ರಾಜ್ಯ ಸೇರಬಹುದು. ದುಡ್ಡು ಕೊಟ್ಟವರ ಭಯವೂ ಸುಳ್ಳಲ್ಲ.

ನನ್ನನ್ನು ನಿದ್ದೆಗೆಡಿಸಿದ್ದು ಇದರ ಮುಂದಿನ ಭಾಗ. ನಮ್ಮ ಪಾರ್ಲಿಮೆಂಟು 1972ರಲ್ಲೇ ಹೈರ್ ಪರ್ಚೇಸ್ ಕಾಯ್ದೆ ಪಾಸು ಮಾಡಿತ್ತು. ಹದಿನೈದು ಸಾವಿರ ರೂಪಾಯಿ ಮೀರಿದ ವಾಹನವಾದರೆ ಮುಕ್ಕಾಲು ಪಾಲು ಕಟ್ಟಿದ ಮೇಲೆ ಕೋರ್ಟಿನ ಮೂಲಕವೇ ವಾಪಸ್ ಪಡೆಯಬೇಕು ಅಂತ ಅದರಲ್ಲಿತ್ತು. ಸರ್ಕಾರ ಬೇಕಿದ್ದರೆ ಆ ಪಾಲನ್ನು ಇನ್ನಷ್ಟು ಏರಿಸಬಹುದಿತ್ತು ಅನ್ನಿ. ಆದರೆ ಆ ಕಾಯ್ದೆ ಜಾರಿಗೇ ಬರಲಿಲ್ಲ! ಮೂವತ್ತಮೂರು ವರ್ಷ ಪುಸ್ತಕದಲ್ಲಿ ಮಲಗಿತ್ತು. 2005ರಲ್ಲಿ ಅದನ್ನು ರದ್ದು ಮಾಡಲು ಇನ್ನೊಂದು ಕಾಯ್ದೆ ತಂದರು. ಹುಟ್ಟದ ಮಗುವಿಗೆ ತಿಥಿ ಮಾಡಿದ ಹಾಗೆ.

ಆಮೇಲಿನದು ನಿಮಗೂ ಗೊತ್ತಿರಬಹುದು. ಅಗ್ರಿಮೆಂಟಿನಲ್ಲಿ ಬರೆದಿದ್ದರೆ ವಾಹನ ವಾಪಸ್ ಪಡೆಯಲು ಅಡ್ಡಿಯಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಾರನೆಯ ವರ್ಷ ಇನ್ನೊಂದು ಕೇಸಿನಲ್ಲಿ, ವಸೂಲಿಗೆ ರೌಡಿಗಳನ್ನು ಕಳಿಸುವುದನ್ನು ಅದೇ ಕೋರ್ಟು ಖಂಡಿಸಿತು. 2008ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ನೋಟಿಸಿನ ಅವಧಿ ಎಷ್ಟು, ಮಾರುವ ಮೊದಲು ಕಟ್ಟಲು ಕೊನೆಯ ಅವಕಾಶ ಹೇಗೆ ಅನ್ನುವುದನ್ನೆಲ್ಲ ಅಗ್ರಿಮೆಂಟಿನಲ್ಲೇ ಬರೆಯಬೇಕು ಅಂತ ಬ್ಯಾಂಕುಗಳಿಗೆ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿದ್ದು: ಹೈರ್ ಪರ್ಚೇಸ್‌ನಲ್ಲಿ ಎಲ್ಲಾ ಕಂತು ತೀರುವವರೆಗೂ ಫೈನಾನ್ಸಿನವರೇ ಮಾಲೀಕರು. ಸುತ್ತಿ ಬಳಸಿ ಹೆಲ್ಬಿಯ ಪಿಯಾನೋ ಹತ್ತಿರವೇ ಬಂದೆವು. ಹಾಗಾಗಿ ಕಾರಿನ ಸಾಲ ಮಾಡುವವರು ಬಡ್ಡಿ ದರದ ಜೊತೆಗೆ ಆ ಸಣ್ಣಕ್ಷರದ ಪುಟವನ್ನೂ ಓದಿ. ಕಂತು ತಪ್ಪುತ್ತೆ ಅನ್ನಿಸಿದರೆ ಮೊದಲೇ ಹೋಗಿ ಬರವಣಿಗೆಯಲ್ಲಿ ಟೈಮ್ ಕೇಳಿ. ಚಿಕ್ಕಪ್ಪ ನಾಚಿಕೆಗೆ ಹೋಗಿರಲಿಲ್ಲ.

ಇದನ್ನೆಲ್ಲಾ ಹೇಳಿದಾಗ ಅವರು ಸುಮ್ಮನೆ ಕೇಳಿದರು. ಕೊನೆಗೆ, "ಮೂವತ್ತಾರಕ್ಕೆ ಮುಕ್ಕಾಲು ಅಂದ್ರೆ ಎಷ್ಟೋ?" ಅಂದರು.

"ಇಪ್ಪತ್ತೇಳು ಚಿಕ್ಕಪ್ಪ."

ಕನ್ನಡಕ ಹಾಕಿಕೊಂಡು ರಸೀದಿಗಳನ್ನು ಇನ್ನೊಂದು ಸಲ ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ ಡಬ್ಬಿಗೆ ಇಟ್ಟರು.