ಬಾಗಿಲು ಬಿಚ್ಚಿಟ್ಟು ಮರಳುಗಾಡಿಗೆ ಹೊರಟವರು

ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜೀಪು ಹೂತುಹೋದರೆ ನಮ್ಮ ಊರುಗಳಲ್ಲಿ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಮೇಲಿನ ಲೋಡು ಇಳಿಸುತ್ತಾರೆ. ಆಮೇಲೆ ಚಕ್ರದ ಮುಂದಿನ ಕೆಸರು ತೆಗೆದು, ಕಲ್ಲೋ ಸೊಪ್ಪೋ ಹಲಗೆಯೋ ಸಿಕ್ಕಿದ್ದನ್ನು ಕೊಡುತ್ತಾರೆ. ಹಿಂದಿನಿಂದ ನಾಲ್ಕು ಜನ ತಳ್ಳುತ್ತಾರೆ. ಗಾಡಿ ಮೇಲೆ ಬರುತ್ತದೆ.

ಈಗ ಮೊಬೈಲಿನಲ್ಲಿ ಬೇರೆ ತರಹದ ವಿಡಿಯೋಗಳು ಬರುತ್ತಿವೆ. ಜೀಪಿಗೆ ದೊಡ್ಡ ದೊಡ್ಡ ಟಯರ್, ಮುಂದೆ ಕಬ್ಬಿಣದ ಬಂಪರ್, ಮೇಲೆ ಟೆಂಟು, ಸಾಲಾಗಿ ಎಂಟು ಲೈಟು, ಒಳಗೆ ಫ್ರಿಜ್ಜು. ಕಾಡು, ಮರಳುಗಾಡು ಸುತ್ತಲು ಗಾಡಿಯನ್ನು ಹೀಗೆ ಸಜ್ಜು ಮಾಡಬೇಕಂತೆ. ನೋಡುತ್ತಾ ನಮಗೆ ಒಂದು ಪ್ರಶ್ನೆ ಎದ್ದಿತು. ದಾರಿಯೇ ಇಲ್ಲದ ಕಡೆ ಹೋಗುವ ಗಾಡಿಗೆ ನಿಜವಾಗಿ ಏನು ಬೇಕು? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸುಮಾರು ನೂರು ವರ್ಷದ ಹಿಂದಿನ ಕಥೆ. ನಡೆದದ್ದು ಈಜಿಪ್ಟ್ ಮತ್ತು ಲಿಬಿಯಾ ನಡುವಿನ ಮರಳುಗಾಡಿನಲ್ಲಿ.

ಒಂಟೆಗೂ ಕಷ್ಟವಾದ ಜಾಗ

ನೈಲ್ ನದಿಯಿಂದ ಪಶ್ಚಿಮಕ್ಕೆ ಹೊರಟರೆ ಲಿಬಿಯಾದ ಮರಳುಗಾಡು. ಉದ್ದಗಲದಲ್ಲಿ ಇದು ಹೆಚ್ಚುಕಡಿಮೆ ಭಾರತದಷ್ಟಿದೆ ಅಂತ ಆ ಕಾಲದಲ್ಲಿ ಅಲ್ಲಿ ತಿರುಗಾಡಿದವರು ಹೋಲಿಸುತ್ತಿದ್ದರು. ಒಂಟೆ ಎಷ್ಟೇ ಗಟ್ಟಿ ಪ್ರಾಣಿಯಾದರೂ ಒಂದು ಬಾವಿಯಿಂದ ಇನ್ನೊಂದು ಬಾವಿಯವರೆಗೆ ಮಾತ್ರ ಅದರ ಲೆಕ್ಕ. ಬಾವಿಗಳ ನಡುವಿನ ದೂರ ಒಂಟೆಯ ಶಕ್ತಿ ಮೀರಿದರೆ ಆ ಜಾಗಕ್ಕೆ ಯಾರೂ ಹೋಗುತ್ತಿರಲಿಲ್ಲ. ಹಾಗಾಗಿ ನಕ್ಷೆಯಲ್ಲಿ ದೊಡ್ಡ ಭಾಗ ಖಾಲಿಯಾಗಿಯೇ ಉಳಿದಿತ್ತು.

1926ರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾ ಅಧಿಕಾರಿ ಕೈರೋಗೆ ವರ್ಗವಾಗಿ ಬಂದರು. ಓದಿದ್ದು ಎಂಜಿನಿಯರಿಂಗ್. ರಜೆ ಸಿಕ್ಕಾಗ ಗೆಳೆಯರ ಜೊತೆ ಫೋರ್ಡ್ ಮಾಡೆಲ್ ಟಿ ಕಾರು ಹತ್ತಿ ಮರಳುಗಾಡಿನ ಕಡೆ ಹೊರಡುವುದು ಅವರ ಹವ್ಯಾಸ. ಮಾಡೆಲ್ ಟಿ ಎಂದರೆ ಬರೀ 20 ಹಾರ್ಸ್ ಪವರ್ ಎಂಜಿನ್. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ, ನಾಲ್ಕೂ ಚಕ್ರಕ್ಕಲ್ಲ. ನಡುವೆ ಕೆಲವು ವರ್ಷ ಅವರು ಭಾರತದಲ್ಲೂ ಕೆಲಸ ಮಾಡಿದರು. ಆಗಲೂ ರಜೆಯಲ್ಲಿ ಈಜಿಪ್ಟಿಗೆ ಹೋಗಿ ಪ್ರಯಾಣ ಮುಂದುವರಿಸಿದರು. 1929ರ ಹೊತ್ತಿಗೆ ಫೋರ್ಡ್ ಕಂಪನಿಯ ಹೊಸ ಮಾಡೆಲ್ ಎ ಕಾರು ಬಂದಿತ್ತು, 40 ಹಾರ್ಸ್ ಪವರ್. ಅದರಲ್ಲೂ ಎಂಜಿನ್ ಬಲ ಎರಡೇ ಚಕ್ರಕ್ಕೆ.

ಇದೆಲ್ಲ ಬ್ಯಾಗ್ನಾಲ್ಡ್ ಒಬ್ಬರ ತಲೆಯಿಂದ ಬಂದದ್ದು ಅಂತ ಹೇಳಿದರೆ ತಪ್ಪಾಗುತ್ತದೆ. ಮೊದಲನೇ ಮಹಾಯುದ್ಧದಲ್ಲೇ ಬ್ರಿಟಿಷ್ ಸೇನೆಯ ಕೆಲವು ತುಕಡಿಗಳು ಇದೇ ಮಾಡೆಲ್ ಟಿ ಕಾರುಗಳಲ್ಲಿ ಈ ಮರಳುಗಾಡಿನಲ್ಲಿ ಗಸ್ತು ತಿರುಗಿದ್ದವು. 1920ರ ದಶಕದಲ್ಲಿ ಈಜಿಪ್ಟಿನ ರಾಜಕುಮಾರ ಕೆಮಾಲ್ ಎಲ್ ದಿನ್, ಹಿಂದೆ ಚಕ್ರದ ಬದಲು ಪಟ್ಟಿ ಇದ್ದ ಸಿಟ್ರೊಯನ್ ಗಾಡಿಗಳಲ್ಲಿ ಬಹಳ ದೂರ ಹೋಗಿ ಬಂದಿದ್ದರು. ಅವರಿಂದ ಕಲಿತದ್ದನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಸರಿಪಡಿಸುತ್ತಾ ಹೋದದ್ದು ಬ್ಯಾಗ್ನಾಲ್ಡ್ ಮತ್ತು ಗೆಳೆಯರ ಕೆಲಸ.

ಮೊದಲು ತೆಗೆದರು, ಆಮೇಲೆ ಸೇರಿಸಿದರು

ಕಾರು ಕೊಂಡ ಮೇಲೆ ಅವರು ಮಾಡಿದ ಮೊದಲ ಕೆಲಸ ಬಿಚ್ಚುವುದು. ಬಾಗಿಲು ಬೇಡ. ಮೇಲಿನ ಹೊದಿಕೆ ಬೇಡ. ಕಂಪನಿ ಕೊಟ್ಟ ಚಂದದ ಬಾಡಿಯೂ ಬೇಡ. ಅದನ್ನು ಇಳಿಸಿ, ಸಾಮಾನು ತುಂಬಲು ಮರದ ಪೆಟ್ಟಿಗೆಯಂಥ ಬಾಡಿ ಕೂರಿಸಿದರು.

ಕಾರಣ ಸರಳ. ಮರಳಿನಲ್ಲಿ ಗಾಡಿಯನ್ನು ಹೂಳುವುದು ಅದರ ತೂಕ. ಬಾಗಿಲಿನ ತೂಕ ಉಳಿದರೆ ಅಷ್ಟೇ ತೂಕದ ನೀರು, ಪೆಟ್ರೋಲ್ ಹಾಕಬಹುದು. ಬಾಗಿಲನ್ನು ಕುಡಿಯಲು ಆಗುವುದಿಲ್ಲವಲ್ಲ.

ನೀರಿನ ತೂಕ ಎಷ್ಟಿರುತ್ತದೆ ನೋಡಿ. ಮುಂದೆ ಯುದ್ಧದ ಕಾಲದಲ್ಲಿ ಇದೇ ಮರಳುಗಾಡಿನಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 6 ಪೈಂಟ್ ನೀರು ಎಂದು ನಿಗದಿ ಮಾಡಿದ್ದರು. ಅಂದರೆ ಸುಮಾರು 3.4 ಲೀಟರ್. ಐದು ಜನ 15 ದಿನ ಹೋಗಿ ಬರಬೇಕಾದರೆ 255 ಲೀಟರ್ ಆಯಿತು. ಅದರ ತೂಕ 255 ಕಿಲೋ, ಹೆಚ್ಚುಕಡಿಮೆ ಐದು ಚೀಲ ಸಿಮೆಂಟಿನಷ್ಟು. ಪೆಟ್ರೋಲ್, ಊಟದ ಸಾಮಾನು, ಬಿಡಿಭಾಗ ಎಲ್ಲ ಇದರ ಮೇಲೆ.

ಪೆಟ್ರೋಲಿನ ಕಥೆ ಇನ್ನೊಂದು. ಆಗ ಅದು ಬರುತ್ತಿದ್ದದ್ದು 4 ಗ್ಯಾಲನ್‌ನ, ಅಂದರೆ 18 ಲೀಟರಿನ ತೆಳು ತಗಡಿನ ಡಬ್ಬಗಳಲ್ಲಿ. ಕುಲುಕಾಟಕ್ಕೆ ತಗಡು ಬಿರಿದು ಪೆಟ್ರೋಲ್ ಸೋರುತ್ತಿತ್ತು. ಹೊರಡುವಾಗ ತುಂಬಿದ್ದಷ್ಟೂ ಬಳಸುವಾಗ ಇರುತ್ತದೆ ಎಂಬ ನಂಬಿಕೆ ಇರಲಿಲ್ಲ. ಸೋರದ ಗಟ್ಟಿ ಕ್ಯಾನು ಅವರಿಗೆ ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ, ಅದೂ ಶತ್ರುಗಳಿಂದ. ಜರ್ಮನರ 20 ಲೀಟರ್ ಕ್ಯಾನು ಅದು. ಬ್ರಿಟಿಷ್ ಸೈನಿಕರು ಜರ್ಮನರನ್ನು ‘ಜೆರ್ರಿ’ ಎಂದು ಕರೆಯುತ್ತಿದ್ದರು. ಅದಕ್ಕೇ ಇವತ್ತಿಗೂ ಅದರ ಹೆಸರು ಜೆರಿಕ್ಯಾನ್.

ರೇಡಿಯೇಟರ್ ಕುಡಿಯುವ ನೀರು

ನೀರಿಗೆ ಮನುಷ್ಯರಲ್ಲದೆ ಇನ್ನೊಬ್ಬ ಪಾಲುದಾರ ಇದ್ದ, ಎಂಜಿನ್. ಘಾಟಿ ಹತ್ತುವಾಗ ಹಳೇ ಜೀಪು, ಲಾರಿಗಳ ರೇಡಿಯೇಟರ್ ಕುದಿಯುವುದನ್ನು ನಾವೆಲ್ಲ ನೋಡಿದ್ದೇವೆ. ಬುಸ್ ಎಂದು ಆವಿ ಹೋಗುತ್ತದೆ, ಕ್ಲೀನರ್ ಕೊಡ ಹಿಡಿದು ಹಳ್ಳ ಹುಡುಕುತ್ತಾನೆ. ಮರಳುಗಾಡಿನಲ್ಲಿ ಹಳ್ಳ ಎಲ್ಲಿದೆ? ರೇಡಿಯೇಟರ್ ಕುಡಿದ ಪ್ರತಿ ಲೀಟರೂ ಮನುಷ್ಯರ ಪಾಲಿನದೇ.

ಇದಕ್ಕೆ ಅವರು ಬಳಸಿದ ಉಪಾಯ ಬಹಳ ಅಗ್ಗದ್ದು. ರೇಡಿಯೇಟರಿನಿಂದ ಆವಿ ಹೊರಹೋಗುವ ದಾರಿಗೆ ಒಂದು ಪೈಪು ಜೋಡಿಸಿ, ಅದರ ಇನ್ನೊಂದು ತುದಿಯನ್ನು ಕಾರಿನ ಪಕ್ಕದಲ್ಲಿ ಬಿಗಿದ ಡಬ್ಬದೊಳಗೆ ಬಿಟ್ಟರು. ಡಬ್ಬದಲ್ಲಿ ಅರ್ಧ ನೀರು. ಬಂದ ಆವಿ ಆ ತಣ್ಣೀರಿಗೆ ತಾಗಿ ಮತ್ತೆ ನೀರಾಗುತ್ತದೆ. ಓಡುತ್ತಾ ಓಡುತ್ತಾ ಡಬ್ಬದ ನೀರೂ ಕುದಿಯಲು ಶುರುವಾದರೆ ಗಾಡಿಯ ಮುಖವನ್ನು ಗಾಳಿಗೆ ತಿರುಗಿಸಿ ನಿಲ್ಲಿಸುತ್ತಿದ್ದರು. ಎಂಜಿನ್ ತಣಿಯುತ್ತಾ ರೇಡಿಯೇಟರ್ ಒಳಗಿನ ಆವಿ ಕುಗ್ಗಿ, ಅದೇ ಪೈಪಿನಲ್ಲಿ ಡಬ್ಬದ ನೀರನ್ನು ಗುಳುಗುಳು ಎಂದು ವಾಪಸ್ ಎಳೆದುಕೊಳ್ಳುತ್ತಿತ್ತು. ಪೈಪಿನ ಜೋಡಣೆ ಎಲ್ಲೂ ಗಾಳಿ ಬಿಡದಂತಿದ್ದರೆ ದಿನಗಟ್ಟಲೆ ಹೊಸ ನೀರು ಹಾಕುವ ಗೋಜೇ ಇಲ್ಲ.

ಈಗಿನ ಕಾರಿನ ಬಾನೆಟ್ ಎತ್ತಿದರೆ ರೇಡಿಯೇಟರಿಗೆ ಪೈಪಿನಿಂದ ಜೋಡಿಸಿದ ಪ್ಲಾಸ್ಟಿಕ್ ಕೂಲೆಂಟ್ ಡಬ್ಬ ಕಾಣುತ್ತದಲ್ಲ, ಅದರ ಕೆಲಸವೂ ಇದೇ ಜಾತಿಯದ್ದು. ಬಿಸಿಯಾದಾಗ ಹೊರಬಂದದ್ದನ್ನು ವ್ಯರ್ಥ ಮಾಡದೆ ಹಿಡಿದಿಡುವುದು. (ಮಾತು ಬಂತೆಂದು ಹೇಳುತ್ತೇವೆ: ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೇ ಹಾರುತ್ತದೆ.)

ಗುಜರಿ ಅಂಗಡಿಯ ತಗಡು

ಇಷ್ಟಾದರೂ ಗಾಡಿ ಹೂಳುತ್ತಿತ್ತು. ಅದಕ್ಕೆ ಎರಡು ದಾರಿ. ಒಂದು, ಟಯರಿನ ಗಾಳಿ ಇಳಿಸುವುದು. ಗಾಳಿ ಕಡಿಮೆಯಾದರೆ ಟಯರ್ ಚಪ್ಪಟೆಯಾಗಿ ಹೆಚ್ಚು ಜಾಗಕ್ಕೆ ಒರಗುತ್ತದೆ, ತೂಕ ಹಂಚಿಹೋಗುತ್ತದೆ. ಗಟ್ಟಿ ನೆಲ ಬಂದಾಗ ಮತ್ತೆ ಪಂಪು ಹೊಡೆಯುವ ಕಷ್ಟ ತಪ್ಪಿದ್ದಲ್ಲ.

ಎರಡನೆಯದು ಸಿಕ್ಕಿದ್ದು ಕೈರೋದ ಒಂದು ಗುಜರಿ ಅಂಗಡಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ಸೈನಿಕರು ನೆಲದಲ್ಲಿ ತೋಡಿಕೊಂಡಿದ್ದ ಅಡಗುತಾಣಗಳ ಚಾವಣಿಗೆ ಹಾಕುತ್ತಿದ್ದ ಉಕ್ಕಿನ ಪಟ್ಟಿಗಳು ಅಲ್ಲಿ ಬಿದ್ದಿದ್ದವು. ಉದ್ದ ಸುಮಾರು ಐದು ಅಡಿ, ಎರಡೂ ಅಂಚು ಮೇಲಕ್ಕೆ ಮಡಚಿದ್ದು. ಹೂತ ಚಕ್ರದ ಮುಂದಿನ ಮರಳು ಕೆರೆದು ಈ ಪಟ್ಟಿ ಒಳಗೆ ತೂರಿಸಿದರೆ ಚಕ್ರಕ್ಕೆ ಐದು ಅಡಿ ರಸ್ತೆ ಸಿಕ್ಕಿದ ಹಾಗೆ. ಅಷ್ಟರಲ್ಲಿ ಗಾಡಿ ವೇಗ ಹಿಡಿದುಬಿಡಬೇಕು. ನಮ್ಮ ತೋಟದ ದಾರಿಯ ಹಲಗೆಗೂ ಇದಕ್ಕೂ ಏನು ವ್ಯತ್ಯಾಸ? ಇವತ್ತು ದುಬಾರಿ ಜೀಪುಗಳ ಪಕ್ಕದಲ್ಲಿ ಬಣ್ಣಬಣ್ಣದ ಹಲಗೆಗಳನ್ನು ನೇತುಹಾಕಿರುತ್ತಾರಲ್ಲ, ಅವುಗಳ ಅಜ್ಜ ಈ ಗುಜರಿ ತಗಡು.

ಹೀಗೆ ಸಜ್ಜಾಗಿ ಅವರು ಮರಳ ದಿಬ್ಬಗಳ ಸಾಲುಗಳಿಗೇ ನುಗ್ಗಿದರು. ಅಲ್ಲಿನ ಕೆಲವು ದಿಬ್ಬ ನೂರು ಮೀಟರ್ ಎತ್ತರ. ಕಾರು ಹತ್ತುವುದಿಲ್ಲ ಅಂತಲೇ ಎಲ್ಲರ ಎಣಿಕೆ. ಆದರೆ ಗಾಳಿ ಬೀಸುವ ಕಡೆಯ ಮೈಯಲ್ಲಿ ಮರಳು ಒತ್ತಿ ಒತ್ತಿ ಗಟ್ಟಿಯಾಗಿರುತ್ತದೆ, ವೇಗವಾಗಿ ಹೋದರೆ ಗಾಡಿ ಹತ್ತುತ್ತದೆ ಎಂದು ಅವರು ಕಂಡುಕೊಂಡರು. ಅಪಾಯ ಇದ್ದದ್ದು ನೆತ್ತಿಯಲ್ಲಿ. ಆಚೆ ಬದಿ ಸಡಿಲ ಮರಳು, ಕಡಿದಾದ ಇಳಿಜಾರು. ಅದೇ ವೇಗದಲ್ಲಿ ಹಾರಿದರೆ ಗಾಡಿ ಪಲ್ಟಿ.

ನಾವು ಈಗ ಎಲ್ಲಿದ್ದೇವೆ?

ಮರಳುಗಾಡಿನಲ್ಲಿ ದಾರಿ ಕೇಳಲು ಯಾರೂ ಇರುವುದಿಲ್ಲ. ದಿಕ್ಸೂಚಿಯನ್ನೂ ಕಾರಿನಲ್ಲಿಟ್ಟು ನಂಬುವಂತಿರಲಿಲ್ಲ. ಸುತ್ತಲಿನ ಕಬ್ಬಿಣ ಅದರ ಮುಳ್ಳನ್ನು ಎಳೆಯುತ್ತಿತ್ತು. ಅದಕ್ಕೆ ಅವರು ಸೂರ್ಯನನ್ನೇ ಹಿಡಿದರು. 360 ಡಿಗ್ರಿ ಗೀಟು ಹಾಕಿದ ಒಂದು ದುಂಡು ತಟ್ಟೆ, ನಡುವೆ ನೆಟ್ಟಗೆ ನಿಂತ ಸೂಜಿ. ಸೂಜಿಯ ನೆರಳು ಯಾವ ಗೀಟಿನ ಮೇಲೆ ಬೀಳಬೇಕು ಎಂದು ಲೆಕ್ಕ ಹಾಕಿ, ನೆರಳನ್ನು ಅಲ್ಲೇ ಇಟ್ಟುಕೊಂಡು ಗಾಡಿ ಓಡಿಸಬೇಕು. ಸೂರ್ಯ ಸರಿದಂತೆ ತಟ್ಟೆಯನ್ನೂ ತಿರುಗಿಸಬೇಕು. ಬೇಸಿಗೆಯ ನಡುಮಧ್ಯಾಹ್ನ ನೆರಳು ಸೂಜಿಯ ಬುಡಕ್ಕೇ ಬಂದುಬಿಡುತ್ತದೆ. ಆಗ ಗಾಡಿ ನಿಲ್ಲಿಸಿ ನೆರಳು ಉದ್ದವಾಗುವವರೆಗೆ ಕಾಯುವುದೇ ಸರಿ.

ರಾತ್ರಿ ತಂಗಿದ ಮೇಲೆ ನಕ್ಷತ್ರಗಳ ಎತ್ತರ ಅಳೆದು, ರೇಡಿಯೋದಲ್ಲಿ ಬರುವ ಸಮಯದ ಸಂಕೇತ ಕೇಳಿ, ತಾವಿರುವ ಜಾಗವನ್ನು ಲೆಕ್ಕ ಹಾಕುತ್ತಿದ್ದರು. ದಿನವಿಡೀ ಗಾಡಿ ಓಡಿಸಿ ದಣಿದವರು ಈ ಲೆಕ್ಕ ಮುಗಿಸದೆ ಮಲಗುತ್ತಿರಲಿಲ್ಲ. ಗಾಡಿ ಎಷ್ಟೇ ಗಟ್ಟಿ ಇರಲಿ, ತಾನೆಲ್ಲಿದ್ದೇನೆ ಎಂದು ಗೊತ್ತಿಲ್ಲದವನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ರೈತರ ಕೈಗೆ ಬಂದ ಲಾರಿಗಳು

1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಲಿಬಿಯಾ ಆಗ ಇಟಲಿಯ ಕೈಯಲ್ಲಿತ್ತು. ಸಾವಿರ ಕಿಲೋಮೀಟರಿಗೂ ಉದ್ದದ ಮರಳುಗಾಡಿನ ಗಡಿಯಲ್ಲಿ ಏನು ನಡೆಯುತ್ತಿದೆ ಎಂದು ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನೆಗೆ ಗೊತ್ತಾಗುತ್ತಿರಲಿಲ್ಲ. ಬ್ಯಾಗ್ನಾಲ್ಡ್ ತಮ್ಮ ಹವ್ಯಾಸದ ಪಾಠವನ್ನೆಲ್ಲ ಜನರಲ್ ವೇವೆಲ್ ಮುಂದಿಟ್ಟರು. ಆರು ವಾರದಲ್ಲಿ ಒಂದು ತುಕಡಿ ತಯಾರಾಯಿತು. ಅದೇ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್. ಒಂದೂವರೆ ಟನ್ನಿನ ಷೆವರ್ಲೆ ಲಾರಿಗಳ ಬಾಗಿಲು, ಮುಂದಿನ ಗಾಜು ಬಿಚ್ಚಿ, ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟು ಸೇರಿಸಿ, ಆವಿ ಹಿಡಿಯುವ ಡಬ್ಬ, ಉಕ್ಕಿನ ಪಟ್ಟಿ, ಸೂರ್ಯನ ತಟ್ಟೆ ಕೂರಿಸಿದರು.

ಓಡಿಸಲು ಯಾರು? ಬ್ಯಾಗ್ನಾಲ್ಡ್ ಕೇಳಿದ್ದು ನ್ಯೂಜಿಲೆಂಡಿನ ಸೈನಿಕರನ್ನು. ಅವರಲ್ಲಿ ಬಹಳ ಜನ ರೈತರು. ಮೆಕ್ಯಾನಿಕ್ ಬರಲಿ ಅಂತ ಕಾಯದೆ ಕೆಟ್ಟ ಯಂತ್ರವನ್ನು ತಾವೇ ಬಿಚ್ಚಿ ನೋಡಿ ಅಭ್ಯಾಸ ಇದ್ದವರು. ಮರಳುಗಾಡು ಅವರಿಗೆ ಹೊಸದು, ಆದರೆ ಇರುವುದರಲ್ಲೇ ಕೆಲಸ ಸಾಗಿಸುವುದು ಹೊಸದಲ್ಲ. ಮುಂದೆ ಭಾರತೀಯ ಅಶ್ವದಳದ ಸೈನಿಕರ ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ ಕೂಡ ಈ ತಂಡದ ಜೊತೆ ಕೆಲಸ ಮಾಡಿತು. ಜಾಟರು, ಸಿಖ್ಖರು, ರಜಪೂತರು, ಮುಸ್ಲಿಮರು ಅದರಲ್ಲಿದ್ದರು.

ಗಾಡಿಯೇ ಇಲ್ಲದಾದಾಗ

1941ರ ಜನವರಿ 31ರಂದು, ಕುಫ್ರಾ ಓಯಸಿಸ್‌ನ ದಕ್ಷಿಣಕ್ಕೆ ಜೆಬೆಲ್ ಶರೀಫ್ ಎಂಬಲ್ಲಿ ಈ ತಂಡದ ಒಂದು ತುಕಡಿಯ ಮೇಲೆ ಇಟಲಿಯವರ ದಾಳಿ ನಡೆಯಿತು. ಲಾರಿಗಳು ಉರಿದುಹೋದವು. ಬಂಡೆಗಳ ನಡುವೆ ಅಡಗಿದ್ದ ನಾಲ್ವರು ಹಿಂದೆ ಉಳಿದರು. ಅವರಲ್ಲಿ ರೊನಾಲ್ಡ್ ಮೂರ್ ಎಂಬ ನ್ಯೂಜಿಲೆಂಡ್ ಸೈನಿಕನ ಪಾದಕ್ಕೆ ಗಾಯವಾಗಿತ್ತು.

ಅವರ ಹತ್ತಿರ ಊಟ ಇರಲಿಲ್ಲ. ಇದ್ದದ್ದು ಒಂದು ಡಬ್ಬ ನೀರು, ಎರಡು ಗ್ಯಾಲನ್‌ಗೂ ಕಡಿಮೆ. ನಾಲ್ಕು ಜನಕ್ಕೆ ಒಂಬತ್ತು ಲೀಟರಿಗಿಂತ ಕಡಿಮೆ ಅಂದರೆ ನಿಗದಿಯ ಲೆಕ್ಕದಲ್ಲಿ ಒಂದು ದಿನಕ್ಕೂ ಸಾಲದು. ಶರಣಾಗಬಹುದಿತ್ತು. ಅವರು ದಕ್ಷಿಣಕ್ಕೆ ನಡೆದರು, ತಮ್ಮ ಲಾರಿಗಳು ಬಂದ ಚಕ್ರದ ಗುರುತು ಹಿಡಿದು. ದಾರಿಯಲ್ಲಿದ್ದ ಸಾರ್ರಾ ಬಾವಿಯನ್ನು ಇಟಲಿಯವರು ಮೊದಲೇ ಮುಚ್ಚಿಬಿಟ್ಟಿದ್ದರು. ಹತ್ತನೇ ದಿನ ಮೂರ್ ಸಿಕ್ಕಾಗ ಆತ ಸುಮಾರು 210 ಮೈಲಿ, ಅಂದರೆ 338 ಕಿಲೋಮೀಟರ್ ನಡೆದಾಗಿತ್ತು. ನಾಲ್ವರಲ್ಲಿ ಮೂವರು ಬದುಕಿದರು, ಒಬ್ಬರು ಉಳಿಯಲಿಲ್ಲ.

ಈ ಘಟನೆ ಓದಿದ ಮೇಲೆ ನಮಗೆ ಆ ಕಾರು, ಲಾರಿಗಳ ಸಜ್ಜಿನ ಅರ್ಥ ಸರಿಯಾಗಿ ತಿಳಿಯಿತು. ಆವಿಯನ್ನು ಡಬ್ಬದಲ್ಲಿ ಹಿಡಿದದ್ದು, ಬಾಗಿಲು ಬಿಚ್ಚಿದ್ದು, ರಾತ್ರಿ ನಕ್ಷತ್ರ ಲೆಕ್ಕ ಹಾಕಿದ್ದು ಎಲ್ಲ ಒಂದೇ ಉದ್ದೇಶಕ್ಕೆ, ಹೋದವರು ವಾಪಸ್ ಬರಬೇಕು ಅಂತ. ಅದರಲ್ಲಿ ಯಾವುದೂ ನೋಡುವವರಿಗಾಗಿ ಮಾಡಿದ್ದಲ್ಲ.

ಬ್ಯಾಗ್ನಾಲ್ಡ್ ಮುಂದೆ ಮರಳು ಗಾಳಿಗೆ ಹೇಗೆ ಚಲಿಸುತ್ತದೆ ಎಂದು ಪ್ರಯೋಗ ಮಾಡಿ 1941ರಲ್ಲಿ ಪುಸ್ತಕ ತಂದರು. ಮಂಗಳ ಗ್ರಹದ ಮರಳ ದಿಬ್ಬಗಳನ್ನು ಅರ್ಥ ಮಾಡಿಕೊಳ್ಳಲು ನಾಸಾ ವಿಜ್ಞಾನಿಗಳಿಗೂ ಅದು ನೆರವಾಯಿತು. 2015ರಲ್ಲಿ ಕ್ಯೂರಿಯಾಸಿಟಿ ಎಂಬ ಗಾಡಿ ಮಂಗಳದಲ್ಲಿ ತಲುಪಿದ ದಿಬ್ಬಗಳಿಗೆ ಬ್ಯಾಗ್ನಾಲ್ಡ್ ಹೆಸರನ್ನೇ ಇಟ್ಟಿದ್ದಾರೆ.

ಮುಂದಿನ ಸಲ ನಿಮ್ಮ ಗಾಡಿ ದಾರಿ ಬಿಟ್ಟು ದೂರ ಹೊರಡುವಾಗ ಅಂಗಡಿಯ ಪಟ್ಟಿ ನೋಡುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಇದರಲ್ಲಿ ಇಳಿಸಬಹುದಾದ ಭಾರ ಯಾವುದು? ಗಾಡಿ ಅಲ್ಲೇ ನಿಂತುಬಿಟ್ಟರೆ ಎಷ್ಟು ದಿನಕ್ಕೆ ನೀರಿದೆ? ನಾವು ಎಲ್ಲಿಗೆ ಹೋಗಿದ್ದೇವೆ ಅಂತ ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯಾ? ಈ ಮೂರಕ್ಕೂ ಉತ್ತರ ಇದ್ದರೆ ಹೊರಡಿ. ಲೈಟು ಎಂಟು ಇಲ್ಲದಿದ್ದರೂ ನಡೆಯುತ್ತದೆ.