ಕಳೆದುಹೋಯ್ತಾ, ಕಳುವಾಯ್ತಾ? ದೂರಿನಲ್ಲಿ ಆ ಒಂದು ಪದ ಯಾಕೆ ಮುಖ್ಯ

ಕಳೆದ ವರ್ಷ ಮಳೆಗಾಲದಲ್ಲಿ ಅಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕರೆತರುತ್ತಿದ್ದೆ. ಗೊರಗುಂಟೆಪಾಳ್ಯ ಬಂದಾಗ ಜೋರು ಮಳೆ. ಹಿಂದಿನಿಂದ 'ಇಳೀರಿ ಇಳೀರಿ' ಅನ್ನುವ ಗಲಾಟೆ. ಒಂದು ಕೈಯಲ್ಲಿ ಅಮ್ಮ, ಇನ್ನೊಂದು ಕೈಯಲ್ಲಿ ಕೊಡೆ. ಬಸ್ಸು ಹೊರಟ ಮೇಲೆ ನೆನಪಾಯಿತು, ಮೇಲಿನ ರ‍್ಯಾಕಿನಲ್ಲಿಟ್ಟಿದ್ದ ಕಪ್ಪು ಬ್ಯಾಗು ಅಲ್ಲೇ ಉಳಿಯಿತು ಅಂತ. ಅದರಲ್ಲಿದ್ದದ್ದು ಅಮ್ಮನ ಹಳೇ ರಿಪೋರ್ಟುಗಳು, ತೀರಿಕೊಂಡ ಅಪ್ಪನ ಹೆಸರಿನಲ್ಲಿದ್ದ ಜಮೀನಿನ ಮೂಲ ಕ್ರಯಪತ್ರ, ಜೊತೆಗೆ ಅವರ ಕೈಬರಹದ ಲೆಕ್ಕದ ಪುಸ್ತಕ. ವಕೀಲರಿಗೆ ತೋರಿಸೋಣ ಅಂತ ತಂದಿದ್ದೆ. ಮೂಲಪತ್ರ ಬಸ್ಸಿನಲ್ಲಿ ತರುವ ಅಗತ್ಯವೇ ಇರಲಿಲ್ಲ, ಜೆರಾಕ್ಸ್ ಸಾಕಿತ್ತು. ಇದನ್ನು ನನಗೆ ಆಮೇಲೆ ಹೇಳದವರಿಲ್ಲ.

ಆ ಬ್ಯಾಗು ಇವತ್ತಿಗೂ ಸಿಕ್ಕಿಲ್ಲ. ಆದರೆ ಅದರ ಹಿಂದೆ ಮೂರು ತಿಂಗಳು ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಯಾರಿಗಾದರೂ ಹೀಗಾದರೆ ನಾನು ಮಾಡಿದ ತಪ್ಪುಗಳನ್ನು ಮತ್ತೆ ಮಾಡುವುದು ಬೇಡ.

ಮೊದಲ ತಪ್ಪು ಟಿಕೆಟ್ ಬಿಸಾಡಿದ್ದು. ಇಳಿಯುವಾಗ ಮುದ್ದೆ ಮಾಡಿ ಎಸೆದ ಆ ಚೀಟಿಯೇ ಬಸ್ಸಿನ ಗುರುತು. ಅದರಲ್ಲಿರುವ ಸಂಖ್ಯೆ, ಸಮಯ ನೋಡಿದರೆ ಯಾವ ಗಾಡಿ, ಡ್ಯೂಟಿಯಲ್ಲಿದ್ದವರು ಯಾರು ಅಂತ ಹುಡುಕುವುದು ಸುಲಭ. ಟಿಕೆಟ್ ಇಲ್ಲದೆ ಹೋದರೆ 'ಹಾಸನದಿಂದ ದಿನಕ್ಕೆ ಎಷ್ಟು ಗಾಡಿ ಬರ್ತವೆ ಗೊತ್ತಾ ಸಾರ್?' ಅನ್ನುವ ಪ್ರಶ್ನೆ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆಯೇ. ಎರಡನೇ ತಪ್ಪು, ಆಟೋ ಹಿಡಿದು ನೇರ ಮೆಜೆಸ್ಟಿಕ್‌ಗೆ ಹೋಗುವ ಬದಲು ಫೋನಿನಲ್ಲಿ ಸಹಾಯವಾಣಿ ಹುಡುಕುತ್ತಾ ಅರ್ಧ ಗಂಟೆ ನಿಂತದ್ದು. ಬಸ್ಸು ಕೊನೆಯ ನಿಲ್ದಾಣ ಮುಟ್ಟಿ, ಜನ ಇಳಿದು, ಗಾಡಿ ಖಾಲಿಯಾಗುವ ಆ ಹತ್ತು ನಿಮಿಷದೊಳಗೆ ನಾವಲ್ಲಿರಬೇಕು, ಅಥವಾ ನಮ್ಮವರು ಯಾರಾದರೂ ಇರಬೇಕು. ಸಹಾಯವಾಣಿಗೆ ಹಾದಿಯಲ್ಲೇ ಕರೆ ಮಾಡಬಹುದು. ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ದರೆ ಗಾಡಿಯ ಅಥವಾ ನಿರ್ವಾಹಕರ ಸಂಪರ್ಕದ ಮೆಸೇಜು ಫೋನಿನಲ್ಲೇ ಇರುವುದುಂಟು, ಮೊದಲು ಅದನ್ನು ನೋಡಿ.

ಮರುದಿನ ಪೊಲೀಸ್ ಠಾಣೆಗೆ ಹೋದೆ. ಯಾವ ಠಾಣೆ ಅಂತ ಬರೆಯುವುದಿಲ್ಲ, ಅಗತ್ಯವೂ ಇಲ್ಲ. ನನ್ನ ಕತೆ ಕೇಳಿ 'ಇ-ಲಾಸ್ಟ್‌ನಲ್ಲಿ ಹಾಕ್ಕೊಳ್ಳಿ, ಇಲ್ಲಿ ಬೇಕಾಗಿಲ್ಲ' ಅಂದರು. ನನ್ನ ವಿಷಯದಲ್ಲಿ ಅದು ಸರಿಯೇ ಆಗಿತ್ತು, ಯಾಕಂದ್ರೆ ಬ್ಯಾಗು ಬಿಟ್ಟವನು ನಾನೇ. ಅದೇ ಬೆಂಚಿನ ಮೇಲೆ ಒಬ್ಬ ಹುಡುಗ ಕೂತಿದ್ದ. ಸಿಟಿ ಬಸ್ಸಿನಲ್ಲಿ ಅವನ ಪ್ಯಾಂಟಿನ ಜೇಬಿನಿಂದ ಯಾರೋ ಫೋನು ಎಳೆದುಕೊಂಡಿದ್ದರು, ಅವನು ಅದನ್ನು ಕಣ್ಣಾರೆ ನೋಡಿದ್ದ. ಅವನಿಗೂ ಅದೇ ಉತ್ತರ: ಇ-ಲಾಸ್ಟ್.

ಇಲ್ಲಿ ವ್ಯತ್ಯಾಸ ತಿಳಿದುಕೊಳ್ಳಬೇಕು. ಕರ್ನಾಟಕ ಪೊಲೀಸ್ ಇಲಾಖೆಯ ಆ್ಯಪಿನಲ್ಲಿರುವ ಇ-ಲಾಸ್ಟ್ ಒಳ್ಳೆಯ ಸೌಲಭ್ಯ. ಠಾಣೆಗೆ ಅಲೆಯದೆ ವಸ್ತುವಿನ ವಿವರ ತುಂಬಿದರೆ ಸ್ವೀಕೃತಿ ಸಿಗುತ್ತದೆ. ಡೂಪ್ಲಿಕೇಟ್ ಸಿಮ್, ಡಿಎಲ್, ಅಂಕಪಟ್ಟಿ ಪಡೆಯಲು ಆ ಕಾಗದ ಬೇಕು. ಆದರೆ ಅದು ಎಫ್‌ಐಆರ್ ಅಲ್ಲ. 'ನನ್ನ ವಸ್ತು ಕಳೆದಿದೆ ಎಂದು ನಾನು ತಿಳಿಸಿದ್ದೇನೆ' ಅನ್ನುವುದಕ್ಕೆ ಪುರಾವೆ, ಅಷ್ಟೇ. ಅಪರಾಧ ನಡೆದಿದೆ ಅಂತ ಅದು ಹೇಳುವುದೇ ಇಲ್ಲ, ಹಾಗಾಗಿ ತನಿಖೆ ಆಗಲೇಬೇಕು ಅನ್ನುವ ಪ್ರಶ್ನೆಯೂ ಹುಟ್ಟುವುದಿಲ್ಲ. ಕಳುವಾದ ವಸ್ತುವನ್ನು 'ಕಳೆದುಹೋಗಿದೆ' ಅಂತ ಬರೆಸಿದರೆ ಆ ಪ್ರದೇಶದ ಕಳ್ಳತನದ ಲೆಕ್ಕದಲ್ಲೂ ಅದು ಬರುವುದಿಲ್ಲ. ವಿಮೆ ಇದ್ದರೆ ಇನ್ನೊಂದು ಪೆಟ್ಟು: ಎಷ್ಟೋ ಪಾಲಿಸಿಗಳಲ್ಲಿ ಕಳ್ಳತನಕ್ಕೆ ಪರಿಹಾರವಿದೆ, ಮರೆತು ಬಿಟ್ಟದ್ದಕ್ಕೆ ಇಲ್ಲ. ನಾವೇ ಸಹಿ ಹಾಕಿದ ಕಾಗದದಲ್ಲಿ 'ಕಳೆದುಹೋಯಿತು' ಅಂತಿದ್ದರೆ ಕಂಪನಿಯವರಿಗೆ ಬೇರೆ ಕಾರಣವೇ ಬೇಕಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಇದಕ್ಕೊಂದು ತೊಡಕಿದೆ, ಅದನ್ನೂ ಹೇಳಬೇಕು. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವನ್ನು, ಮೊದಲ ಬಾರಿಯ ಅಪರಾಧಿ ವಸ್ತು ಹಿಂದಿರುಗಿಸುವ ಸಂದರ್ಭದಲ್ಲಿ, ಅಸಂಜ್ಞೇಯ ಅಂತ ವರ್ಗೀಕರಿಸಿ ಸಮುದಾಯ ಸೇವೆಯ ಶಿಕ್ಷೆ ಇಟ್ಟಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ನಾಲ್ಕು ಸಾವಿರದ ಫೋನು ಕಳೆದುಕೊಂಡ ಕೂಲಿಯವನಿಗೆ ಅದು ಒಂದು ವಾರದ ದುಡಿಮೆ, 'ಸಣ್ಣ' ಕಳವಲ್ಲ. ಆದ್ದರಿಂದ ದೂರಿನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯಿರಿ. ಎಳೆದುಕೊಂಡು ಓಡಿದ್ದರೆ 'ಕಸಿದುಕೊಂಡರು' ಅಂತಲೇ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಈಗ ಅದಕ್ಕೆ 304 ಎಂಬ ಪ್ರತ್ಯೇಕ ಸೆಕ್ಷನ್ನೇ ಇದೆ.

ಫೋನ್ ವಿಷಯ ಬಂತು. ನನ್ನ ಚಿಕ್ಕಮ್ಮನ ಮಗ ಹಿಂದೊಮ್ಮೆ ಜಾತ್ರೆಯಲ್ಲಿ ಫೋನ್ ಕಳೆದುಕೊಂಡಾಗ ಮೊದಲು ಮಾಡಿದ ಕೆಲಸ ಅದೇ ನಂಬರಿಗೆ ಐವತ್ತು ಸಲ ಕರೆ ಮಾಡಿದ್ದು. ಎರಡು ಸಲ ಸಾಕು. ಆಮೇಲೆ ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡು, ಯುಪಿಐ ನಿಲ್ಲಿಸಬೇಕು, ಹಾಗೇ ಸಿಮ್ ಬ್ಲಾಕ್ ಮಾಡಿಸಬೇಕು. ಬ್ಯಾಂಕಿಗೆ ಹೇಳಿದ ಗಳಿಗೆ ಬಹಳ ಮುಖ್ಯ. ಆರ್‌ಬಿಐ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಗ್ರಾಹಕ ತಿಳಿಸಿದ ನಂತರ ಆಗುವ ಅನಧಿಕೃತ ವ್ಯವಹಾರದ ನಷ್ಟ ಬ್ಯಾಂಕಿನದು. ಅದಕ್ಕೇ ದೂರಿನ ಸಂಖ್ಯೆ, ಸಮಯ ಎರಡನ್ನೂ ಬರೆದಿಟ್ಟುಕೊಳ್ಳಿ. ದುಡ್ಡು ಆಗಲೇ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಆಮೇಲಿನದ್ದು ಸಿಇಐಆರ್. ದೂರಸಂಪರ್ಕ ಇಲಾಖೆಯ ಈ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ಸಂಚಾರ್ ಸಾಥಿ ತಾಣದಲ್ಲಿ ಸಿಗುತ್ತಿದೆ. ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ, ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ ಕೊಟ್ಟರೆ ಆ ಫೋನಿನಲ್ಲಿ ದೇಶದ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗದ ಹಾಗೆ ಮಾಡುತ್ತಾರೆ. ಯಾರಾದರೂ ಸಿಮ್ ಹಾಕಿದರೆ ಅದರ ಸುಳಿವು ಪೊಲೀಸರಿಗೆ ಸಿಗುತ್ತದೆ. ಒಂದು ಸಣ್ಣ ಕಿರಿಕಿರಿ: ಡೂಪ್ಲಿಕೇಟ್ ಸಿಮ್ ತಗೊಂಡ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹಾಗಾಗಿ ಒಟಿಪಿಯೂ ಬರುವುದಿಲ್ಲ. ಸೈಟು ಕೆಟ್ಟಿದೆ ಅಂತ ಬೈಯುವ ಮೊದಲು ಇದು ನೆನಪಿರಲಿ. ಐಎಂಇಐ ಗೊತ್ತಿಲ್ಲದಿದ್ದರೆ ಫೋನಿನ ಡಬ್ಬಿಯ ಮೇಲಿದೆ, ಬಿಲ್ಲಿನಲ್ಲೂ ಇರುತ್ತದೆ. ಡಬ್ಬಿ ಬಿಸಾಡಿದವರು ಈಗಲೇ *#06# ಒತ್ತಿ ಬರೆದಿಟ್ಟುಕೊಳ್ಳಿ. ನಮ್ಮ ಹುಡುಗನ ಫೋನು ಏಳು ತಿಂಗಳ ನಂತರ ಸಿಕ್ಕಿತು, ಪರದೆ ಒಡೆದಿತ್ತು.

ರೈಲಿನಲ್ಲಿ ಏನಾದರೂ ಬಿಟ್ಟರೆ 139ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ ಮದದ್‌ನಲ್ಲಿ ಪಿಎನ್‌ಆರ್, ಬೋಗಿ, ಸೀಟು ಸಮೇತ ತಿಳಿಸಿ. ರೈಲ್ವೆ ರಕ್ಷಣಾ ಪಡೆ 'ಆಪರೇಷನ್ ಅಮಾನತ್' ಹೆಸರಿನಲ್ಲಿ ಬಿಟ್ಟುಹೋದ ಸಾಮಾನು ಮಾಲೀಕರಿಗೆ ಮುಟ್ಟಿಸುತ್ತದೆ, ಮುಂದಿನ ನಿಲ್ದಾಣದಲ್ಲಿ ಬ್ಯಾಗು ಇಳಿಸಿಕೊಂಡು ಇಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಬಸ್ಸಿಗಿಂತ ರೈಲಿನಲ್ಲಿ ಈ ವ್ಯವಸ್ಥೆ ಚೆನ್ನಾಗಿದೆ ಅಂತಲೇ ನನ್ನ ಅನಿಸಿಕೆ. ಆದರೆ ಕಳುವಾದರೆ ಪರಿಹಾರ ಸಿಗುತ್ತದೆ ಅಂತ ಎಣಿಸಬೇಡಿ. ಬುಕ್ ಮಾಡಿ ರಸೀದಿ ಪಡೆದ ಲಗೇಜಿಗೆ ಮಾತ್ರ ರೈಲ್ವೆ ಹೊಣೆ. ನಾವೇ ಜೊತೆಗೊಯ್ದ ಸಾಮಾನಿಗೆ ಹೊಣೆ ಬರಬೇಕಾದರೆ ಸಿಬ್ಬಂದಿಯ ನಿರ್ಲಕ್ಷ್ಯ ಅಥವಾ ದುರ್ನಡತೆಯನ್ನು ಸಾಬೀತು ಮಾಡಬೇಕು. 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಹೇಳುವುದು ಇದನ್ನೇ. ಸೊಂಟದ ಬೆಲ್ಟಿನಲ್ಲಿ ಕಟ್ಟಿಕೊಂಡಿದ್ದ ಒಂದು ಲಕ್ಷ ರೂಪಾಯಿ ಕಳೆದುಕೊಂಡ ಪ್ರಯಾಣಿಕರೊಬ್ಬರು ಗ್ರಾಹಕ ವೇದಿಕೆಗಳಲ್ಲಿ ಗೆದ್ದಿದ್ದರು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿ, ತನ್ನ ವಸ್ತು ತಾನೇ ಕಾಯ್ದುಕೊಳ್ಳದಿದ್ದರೆ ಅದು ರೈಲ್ವೆಯ ಸೇವಾ ನ್ಯೂನತೆ ಅಲ್ಲ ಎಂದಿತು. ರಿಸರ್ವೇಶನ್ ಬೋಗಿಗೆ ಯಾರು ಬೇಕಾದರೂ ನುಗ್ಗುವ ಪರಿಸ್ಥಿತಿ ಇರುವಾಗ ಈ ತೀರ್ಪು ಪ್ರಯಾಣಿಕನ ಮೇಲೆ ಜಾಸ್ತಿ ಭಾರ ಹೊರಿಸಿತು ಅಂತ ನನಗನ್ನಿಸುತ್ತದೆ.

ವಿಮಾನದ್ದು ಬೇಗ ಹೇಳಿ ಮುಗಿಸುತ್ತೇನೆ. ಬೆಲ್ಟಿನಲ್ಲಿ ಬ್ಯಾಗು ಬರಲಿಲ್ಲ ಅಂದರೆ ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ಪಿಐಆರ್ ಎಂಬ ವರದಿ ಬರೆಸಿ, ಬ್ಯಾಗೇಜ್ ಟ್ಯಾಗ್ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ: ಬ್ಯಾಗಿಗೆ ಹಾನಿಯಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನವಾದರೂ ಬ್ಯಾಗೇ ಬರದಿದ್ದರೆ ಕಳೆದುಹೋದಂತೆ ಲೆಕ್ಕ. ಗಲ್ಫ್‌ನಲ್ಲೋ ಬೇರೆಲ್ಲೋ ಇರುವ ನಮ್ಮವರು ಪಾಸ್‌ಪೋರ್ಟನ್ನೇ ಕಳೆದುಕೊಂಡರೆ ಅಲ್ಲಿನ ಪೊಲೀಸ್ ವರದಿ ಹಿಡಿದು ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ತುರ್ತಾಗಿ ಊರಿಗೆ ಬರಬೇಕಿದ್ದರೆ ಒಂದು ಸಲದ ಪ್ರಯಾಣಕ್ಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ.

ನನ್ನ ಕ್ರಯಪತ್ರದ ಕತೆಗೆ ಬರೋಣ. ಜಮೀನೇ ಹೋಯಿತು ಅನ್ನುವ ಹಾಗೆ ಅಮ್ಮ ಎರಡು ದಿನ ಊಟ ಬಿಟ್ಟರು. ಹಾಗೇನೂ ಆಗುವುದಿಲ್ಲ. ನೋಂದಣಿಯಾದ ಪತ್ರದ ನಕಲು ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕದಲ್ಲಿರುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಅದರ ದೃಢೀಕೃತ ಪ್ರತಿ ಪಡೆಯಬಹುದು, ಮೂಲಪತ್ರದಲ್ಲಿ ಏನಿತ್ತು ಅನ್ನುವುದಕ್ಕೆ ಅದು ಸಾಕ್ಷಿಯಾಗುತ್ತದೆ. ಈಗ ಕಾವೇರಿ 2.0ರಲ್ಲಿ ಆನ್‌ಲೈನ್ ಅರ್ಜಿಯೂ ಇದೆ. ಪಹಣಿ ಹೇಗೂ ಭೂಮಿಯಲ್ಲಿ ಸಿಗುತ್ತದೆ. ಆದರೆ ನಾಳೆ ಜಮೀನು ಮಾರುವಾಗ, ಸಾಲ ಕೇಳುವಾಗ 'ಮೂಲಪತ್ರ ಎಲ್ಲಿ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಎಲ್ಲೋ ಅಡ ಇಟ್ಟಿದ್ದಾರೇನೋ ಅಂತ ಅನುಮಾನ. ಅದಕ್ಕೆ ಪೊಲೀಸ್ ಸ್ವೀಕೃತಿ, ಪತ್ರಿಕೆಯಲ್ಲಿ ಪ್ರಕಟಣೆ, ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಋಣಭಾರ ಪತ್ರದ ಜೊತೆ ಒಂದೇ ಫೈಲಿನಲ್ಲಿಡಿ. ಇದನ್ನು ಕಳೆದ ಕೂಡಲೇ ಮಾಡಬೇಕು. ಐದು ವರ್ಷ ಬಿಟ್ಟು ಮಾಡಿದರೆ ನಂಬುವವರು ಕಡಿಮೆ.

ಲೆಕ್ಕದ ಪುಸ್ತಕಕ್ಕೆ ದೃಢೀಕೃತ ಪ್ರತಿ ಇಲ್ಲ. ಊರಿನಲ್ಲಿ ಯಾರ್ಯಾರಿಗೆ ಎಷ್ಟು ಕೊಟ್ಟಿದ್ದರು ಅನ್ನುವುದು ಅದರಲ್ಲೇ ಇತ್ತು. ವಿಷಯ ಗೊತ್ತಾದ ಮೇಲೆ ಒಬ್ಬರು ತಾವಾಗಿಯೇ ಮನೆಗೆ ಬಂದು, 'ನಿಮ್ಮಪ್ಪಾಜಿಗೆ ನಾನು ಹನ್ನೆರಡು ಸಾವಿರ ಕೊಡಬೇಕು ಕಣಪ್ಪ, ಬರಕೋ' ಅಂದರು. ಉಳಿದವರ ಹೆಸರು ನಮಗೆ ಗೊತ್ತಿಲ್ಲ.

ಇನ್ನು ನನ್ನ ಬ್ಯಾಗು ಯಾರಿಗೆ ಸಿಕ್ಕಿತೋ ಅವರ ವಿಷಯ. ಬಿದ್ದದ್ದು ಸಿಕ್ಕಿದವನದು ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಕಾನೂನು ಹಾಗನ್ನುವುದಿಲ್ಲ. ಸಿಕ್ಕಿದ ವಸ್ತುವನ್ನು ಎತ್ತಿಟ್ಟುಕೊಂಡವನ ಹೊಣೆ ಇನ್ನೊಬ್ಬರ ವಸ್ತುವನ್ನು ನಂಬಿಕೆಯ ಮೇಲೆ ಇಟ್ಟುಕೊಂಡವನ ಹೊಣೆಯಷ್ಟೇ ಎಂದು 1872ರ ಕರಾರು ಕಾಯ್ದೆಯ 71ನೇ ಸೆಕ್ಷನ್ ಹೇಳುತ್ತದೆ. ಅವನಿಗೆ ಹಕ್ಕೂ ಇದೆ: ಮಾಲೀಕನನ್ನು ಹುಡುಕಲು, ವಸ್ತು ಕಾಪಾಡಲು ಆದ ಖರ್ಚು ಕೊಡುವವರೆಗೆ ಅದನ್ನು ಇಟ್ಟುಕೊಳ್ಳಬಹುದು, ಮಾಲೀಕ ಬಹುಮಾನ ಘೋಷಿಸಿದ್ದರೆ ಅದಕ್ಕಾಗಿ ದಾವೆಯನ್ನೂ ಹೂಡಬಹುದು. ರಸ್ತೆಯಲ್ಲಿ ಬಿದ್ದ, ಯಾರದೆಂದು ಗೊತ್ತಿಲ್ಲದ ಒಂದು ರೂಪಾಯಿ ಎತ್ತಿಕೊಳ್ಳುವುದು ಅಪರಾಧವಲ್ಲ. ಆದರೆ ಮಾಲೀಕ ಯಾರೆಂದು ತಿಳಿದೂ, ಅಥವಾ ತಿಳಿಯುವ ದಾರಿಯಿದ್ದೂ ಹುಡುಕದೆ ತನ್ನದಾಗಿಸಿಕೊಂಡರೆ ನ್ಯಾಯ ಸಂಹಿತೆಯ 314ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು.

ನನ್ನ ಬ್ಯಾಗಿನಲ್ಲಿ ಆಸ್ಪತ್ರೆಯ ಚೀಟಿ ಇತ್ತು, ಅದರಲ್ಲಿ ಅಮ್ಮನ ಹೆಸರಿತ್ತು, ಊರಿತ್ತು. ಫೋನ್ ನಂಬರ್ ಇರಲಿಲ್ಲ. ಅಪ್ಪನ ನಂಬರ್ ಬರೆದಿದ್ದ ಜಾಗವನ್ನು ಅವರು ಹೋದ ಮೇಲೆ ನಾನೇ ಹೊಡೆದು ಹಾಕಿದ್ದೆ, ನನ್ನ ನಂಬರ್ ಬರೆದಿರಲಿಲ್ಲ.